ಮೂರನೆಯ ಪಿಸ್ತೂಲು

ಟಣ್ ಎಂದಿತು. ಆಮೇಲೆ ಏನೋ ಒಂದು ನೆಲದ ಮೇಲೆ ಉರುಳಿಕೊಂಡು ಹೋಗಿ ಕಪಾಟಿನ ಕಾಲಿಗೆ ತಾಗಿ ನಿಂತ ಸದ್ದು. ಬೀದಿಯೆಲ್ಲ ಮಲಗಿದ ಹೊತ್ತು. ಒಗೆಯಲು ಹಾಕೋಣವೆಂದು ಅವಳು ತಮ್ಮನ ಕೋಟನ್ನು ಒಮ್ಮೆ ಜೋರಾಗಿ ಕೊಡವಿದ್ದಳು. ಚಿಲ್ಲರೆ ಬಿತ್ತೆಂದುಕೊಂಡು ಮಂಡಿಯೂರಿ ಕುಳಿತು ಕಪಾಟಿನ ಅಡಿಗೆ ಕೈ ಚಾಚಿದಳು. ಬೆರಳಿಗೆ ಸಿಕ್ಕಿದ್ದು ಚಿಲ್ಲರೆಯಲ್ಲ. ಕಿರುಬೆರಳಿನಷ್ಟು ಉದ್ದದ, ತಣ್ಣನೆಯ, ನುಣ್ಣನೆಯ ಹಿತ್ತಾಳೆ. ದೀಪಕ್ಕೆ ಹಿಡಿದು ನೋಡಿದಳು. ನೋಡುವ ಮುಂಚೆಯೇ ಕೈಗೆ ಗೊತ್ತಾಗಿಹೋಗಿತ್ತು.

ಕೂದಲು ನೆರೆಯುವಷ್ಟು ಕಾಲ ನಾಟಕ ಕಂಪನಿಯೊಂದರ ಸಾಮಾನು ಸರಂಜಾಮುಗಳನ್ನು ನೋಡಿಕೊಂಡ ಕೈ ಅದು. ಕಿರೀಟ, ಕತ್ತಿ, ಬೆತ್ತ, ಗಡ್ಡ, ರಕ್ತದ ಬಾಟಲಿ, ಎಲ್ಲವೂ ಅವಳ ಸುಪರ್ದಿಗೆ. ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ 'ಪೆಟ್ಟಿಗೆಯಕ್ಕ' ಎಂದು. ಖಾಲಿಯಾದ ಲಿಪ್‌ಸ್ಟಿಕ್ ಕೊಳವೆಗೆ ಬಣ್ಣ ಹಚ್ಚಿ ಎಷ್ಟೋ ಗುಂಡುಗಳನ್ನು ಅವಳೇ ಮಾಡಿದ್ದಳು. ಆ ಗುಂಡುಗಳು ಅಂಗೈಯಲ್ಲಿದ್ದರೂ ಇಲ್ಲದಂತೆ ಇರುತ್ತಿದ್ದವು. ಇದು ಹಾಗಿರಲಿಲ್ಲ. ಪುಟ್ಟದಾಗಿದ್ದರೂ ಅಂಗೈಯನ್ನು ಕೆಳಕ್ಕೆ ಎಳೆಯುವಂತಿತ್ತು.

ತಮ್ಮ ಹಜಾರದ ಚಾಪೆಯ ಮೇಲೆ ಬಾಯಿ ತೆರೆದು ಮಲಗಿದ್ದ. ಅವನಿಗೆ ಕಂಪನಿಯಲ್ಲಿ 'ತುಂತುರು' ಎಂದು ಹೆಸರು. ಮಾತು ಜೋರಾದರೆ ಮುಂದಿನ ಸಾಲಿನವರು ಕರವಸ್ತ್ರ ತೆಗೆಯಬೇಕಾಗುತ್ತಿತ್ತು. ಹಾಸ್ಯಪಾತ್ರಕ್ಕೆ ಅವನನ್ನು ಬಿಟ್ಟರಿಲ್ಲ. ಬುದ್ಧಿ ಮಾತ್ರ ಪಾತ್ರ ಮುಗಿದ ಮೇಲೂ ಅಲ್ಲೇ ಉಳಿದುಬಿಡುತ್ತಿತ್ತು.

"ಏಳೋ. ಇದೇನು?"

ಅವನು ಒಂದು ಕಣ್ಣು ಬಿಟ್ಟ. "ಓ, ಕೋಟಲ್ಲೇ ಇತ್ತಾ? ಎಲ್ಲೋ ಬಿದ್ದೋಯ್ತು ಅನ್ಕೊಂಡಿದ್ದೆ."

"ಏನು ಅಂತ ಕೇಳ್ದೆ."

"ಗುಂಡು ಕಣಕ್ಕ. ಡಮ್ಮಿ." ಎದ್ದು ಕುಳಿತು ಹಲ್ಲು ಕಿರಿದ. "ಪೆಟ್ಟಿಗೆ ಮನೆಗೆ ಬಂದ ಮೇಲೆ ಹೇಳೋಣ ಅಂತಿದ್ದೆ, ಹಾಳು ಮಾಡ್ಬಿಟ್ಟೆ. ಮರದ ಪಿಸ್ತೂಲಿನ ಮೂತಿ ಸವೆದಿದೆ, ಸವೆದಿದೆ ಅಂತ ಗೊಣಗ್ತಿದ್ದೆಯಲ್ಲ? ನಿನಗೇ ಅಂತ ಒಂದು ತಂದಿದೀನಿ. ಹಳೇ ಕಾಲದ್ದು. ಗುಂಡು ಹಾಕೋ ಗಾಲಿ ಹೇಗೆ ತಿರುಗುತ್ತೆ ಅಂತೀಯಾ!"

"ಎಲ್ಲಿ ತಗೊಂಡೆ?"

ಕಂಪನಿ ಹೊರದೇಶಕ್ಕೆ ಹೋಗಿ ನಾಟಕ ಆಡಿ ಬಂದು ಕೆಲವು ವಾರಗಳಾಗಿದ್ದವು. ಜನ ಪ್ರಯಾಣಿಕರ ಹಡಗಿನಲ್ಲಿ ಮೊದಲೇ ಬಂದಿದ್ದರು, ಸಾಮಾನಿನ ದೊಡ್ಡ ಪೆಟ್ಟಿಗೆ ಸರಕಿನ ಹಡಗಿನಲ್ಲಿ ನಿಧಾನವಾಗಿ ಹಿಂದೆ ಬಂದಿತ್ತು. ಅಲ್ಲಿಂದ ಹೊರಡುವ ದಿನ ಹಳೇ ಸಾಮಾನಿನ ಸಂತೆಯಲ್ಲಿ, ಫುಟ್‌ಪಾತಿನ ಮೇಲೆ ಬಟ್ಟೆ ಹಾಸಿಕೊಂಡು ಕೂತ ಒಬ್ಬ ಮುದುಕನ ಹತ್ತಿರ ತಮ್ಮ ಆ ಪಿಸ್ತೂಲನ್ನು ಕೊಂಡಿದ್ದ. ಅವನ ಭಾಷೆ ಇವನಿಗೆ ಬಾರದು, ಇವನದು ಅವನಿಗೆ.

"ಮಾತು ಬರದೇ ಇದ್ರೇನು, ಆ್ಯಕ್ಟಿಂಗ್ ಬರುತ್ತಲ್ಲ? ಪಿಸ್ತೂಲು ತೋರಿಸ್ದೆ, ಎದೆ ಹಿಡ್ಕೊಂಡೆ, ಎರಡು ಸುತ್ತು ತಿರುಗಿ ಫುಟ್‌ಪಾತ್ ಮೇಲೆ ಬಿದ್ದು ಸತ್ತೆ. ನಾಟಕಕ್ಕೆ ಬೇಕು ಅಂತ ಅವನಿಗೆ ತಿಳೀಬೇಕಲ್ಲ. ಮುದುಕ ಚಪ್ಪಾಳೆ ತಟ್ಟಿ ನಕ್ಕ. ಆಮೇಲೆ ಒಂದು ಡಬ್ಬಿಯಿಂದ ಆರು ಗುಂಡು ತೆಗೆದು ಪುಕ್ಕಟೆ ಕೊಟ್ಟ."

"ನೀನು ಬಿದ್ದು ಸತ್ತು ತೋರಿಸ್ದೆ. ಅವನು ಅದಕ್ಕೆ ಬೇಕಾದ ಗುಂಡೇ ಕೊಟ್ಟ."

"ಅಂದ್ರೆ?"

ಅವಳು ಮೇಜಿನ ಖಾನೆಯಿಂದ ಒಂದು ಲಿಪ್‌ಸ್ಟಿಕ್ ಗುಂಡನ್ನು ತಂದು ಅವನ ಎಡಗೈಗಿಟ್ಟಳು. ಬಲಗೈಗೆ ಇದನ್ನಿಟ್ಟಳು. ಅವನು ತಕ್ಕಡಿಯಂತೆ ಎರಡೂ ಕೈಗಳನ್ನು ಮೇಲೆ ಕೆಳಗೆ ಆಡಿಸಿದ. ಹಲ್ಲು ಕಿರಿದದ್ದು ಹಾಗೇ ಉಳಿಯಿತು, ಕಣ್ಣಿನ ನಗು ಮಾತ್ರ ಇಂಗಿತು.

"ಮಿಕ್ಕ ಐದು ಎಲ್ಲಿವೆ?"

"ಒಳಗೆ."

"ಯಾವುದರ ಒಳಗೆ?"

"ಪಿಸ್ತೂಲಲ್ಲೇ ಹಾಕಿದೀನಿ. ಮುಂದಿನ ಸಾಲಿನವರಿಗೆ ಹಿತ್ತಾಳೆ ಮಿಂಚೋದು ಕಾಣ್ಲಿ ಅಂತ..." ಅವನ ದನಿ ಸಣ್ಣಗಾಯಿತು. "ನೀನೇ ಹೇಳ್ತಿರ್ತೀಯಲ್ಲ, ದೂರದಿಂದ ಅಲ್ಲ, ಹತ್ತಿರದಿಂದ ನೋಡಿದ್ರೂ ನಿಜ ಅನ್ನಿಸ್ಬೇಕು ಅಂತ."

ಹೇಳುತ್ತಿದ್ದಳು. ಹಾಗೆಂದು ಕಂಪನಿಗೆ ಹೊಸದಾಗಿ ಬಂದವರ ತಲೆ ತಿನ್ನುತ್ತಿದ್ದಳು. ಅಲ್ಲಿಂದ ಪೆಟ್ಟಿಗೆ ಕಳಿಸುವಾಗ, ಇದರಲ್ಲಿರುವ ಆಯುಧಗಳೆಲ್ಲ ಮರದವು, ರಟ್ಟಿನವು, ಬರೀ ತೋರಿಕೆಯವು ಎಂದು ಬರೆದು ರುಜು ಹಾಕಿದವಳೂ ಅವಳೇ. ಅವಳು ಬೀಗ ಹಾಕುವ ಮುಂಚಿನ ಯಾವುದೋ ಗಳಿಗೆಯಲ್ಲಿ ಇವನು ರಾಜನ ನಿಲುವಂಗಿಯೊಳಗೆ ಅದನ್ನು ಸುತ್ತಿ ಇಟ್ಟಿದ್ದ. ಈಗ ಪೆಟ್ಟಿಗೆ ಬಂದರಿನ ಶೆಡ್ಡಿನಲ್ಲಿತ್ತು. ಬೆಳಿಗ್ಗೆ ಬನ್ನಿ, ನಿಮ್ಮೆದುರು ತೆರೆದು ನೋಡಿ ಬಿಟ್ಟುಕೊಡುತ್ತೇವೆ ಎಂದು ಕಸ್ಟಮ್ಸಿನವರು ಹೇಳಿಕಳಿಸಿದ್ದರು.

"ಅಕ್ಕ, ಜೈಲಿಗೆ ಹಾಕ್ತಾರಾ?"

"ಸುಮ್ನಿರು, ಯೋಚನೆ ಮಾಡ್ತೀನಿ."

ಸಿಕ್ಕಿಬಿದ್ದರೆ ತಮ್ಮ ಹೋದ. ವರ್ಷಗಟ್ಟಲೆ ಅಲೆದಾಡಿ ಕೊನೆಗೆ ತನ್ನ ಮಾತಿನ ಮೇಲೆ ಕಂಪನಿ ಸೇರಿದವನು. ವಿಚಾರಣೆಯ ಕೋಣೆಯಲ್ಲಿ ಕೂರಿಸಿದರೆ ಹೆದರಿಕೆಗೆ ತಾನು ಮಾಡದ್ದನ್ನೂ ಒಪ್ಪಿಕೊಂಡು ಬರುವವನು. ಹಾಗಾದರೆ ಬಾಯಿ ಮುಚ್ಚಿಕೊಂಡು ಇರುವುದೇ? ಪೆಟ್ಟಿಗೆಯಲ್ಲಿ ಮರದವು ಎರಡು, ಇದೂ ಸೇರಿ ಮೂರು ಪಿಸ್ತೂಲು; ಅವುಗಳಲ್ಲಿ ಒಂದು ಕಬ್ಬಿಣದ್ದೆಂದು ಯಾರು ನೋಡುತ್ತಾರೆ?

ಆಗ ಇನ್ನೊಂದು ನೆನಪಾಯಿತು. ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತುಬಿಟ್ಟಳು.

ನಾಟಕದ ಪೆಟ್ಟಿಗೆಯನ್ನು ಯಾವ ಗಡಿಯಲ್ಲಿ, ಯಾವ ಅಧಿಕಾರಿ ತೆರೆದರೂ ನಡೆಯುತ್ತಿದ್ದುದು ಒಂದೇ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಒಳಬಟ್ಟೆ, ಸಾಬೂನು ತಡಕಾಡಿ ಬೇಸತ್ತ ಜನ. ಕಿರೀಟ ಕಂಡರೆ ತಲೆಗೆ ಹೋಗುತ್ತಿತ್ತು. ಕತ್ತಿ ಕಂಡರೆ ಇಬ್ಬರು ಎದುರು ಬದುರು ನಿಲ್ಲುತ್ತಿದ್ದರು. ಪಿಸ್ತೂಲು ಕಂಡರಂತೂ ಎತ್ತಿಕೊಂಡು ಪಕ್ಕದವನ ಎದೆಗೆ ಹಿಡಿದು, ಕೈ ಮೇಲೆತ್ತು ಎಂದು, ಬಾಯಲ್ಲಿ ಢಂ ಎಂದು ಬೆರಳು ಒತ್ತದೆ ಬಿಟ್ಟವರನ್ನು ಅವಳು ಕಂಡೇ ಇರಲಿಲ್ಲ. ಅವಳು ಪ್ರತಿ ಸಲವೂ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ನಕ್ಕರೆ ಕೆಲಸ ಬೇಗ ಮುಗಿಯುತ್ತಿತ್ತು.

ಬೆಳಿಗ್ಗೆ ಬೀದಿಯಲ್ಲಿ, ಇನ್ನೂ ಬಾಗಿಲು ತೆರೆಯದ ಅಂಗಡಿಯೊಂದರ ಮೆಟ್ಟಿಲ ಬಳಿ ನಿಂತು ಕಸ್ಟಮ್ಸಿನ ವಿಚಾರಣೆಯ ನಂಬರಿಗೆ ಫೋನ್ ಮಾಡಿದಳು. ನಿದ್ದೆಯ ದನಿಯ ಗುಮಾಸ್ತನೊಬ್ಬ ಎತ್ತಿದ.

"ಒಬ್ರು ಹೊರದೇಶಕ್ಕೆ ಹೋದಾಗ ಪಿಸ್ತೂಲು ತಗೊಂಡ್ರೆ, ಅದನ್ನ ಇಲ್ಲಿಗೆ ತರೋದು ಹೇಗೆ ಸರ್?"

"ಯಾರು ತಗೊಂಡಿದ್ದು?"

"ಪರಿಚಯದವ್ರು."

"ಪರಿಚಯದವ್ರಿಗೆ ಲೈಸೆನ್ಸ್ ಇದ್ಯಾ?"

"ಇಲ್ಲ."

"ತರೋಕೆ ಮುಂಚೆ ಅನುಮತಿ ತಗೊಂಡ್ರಾ?"

"ಇಲ್ಲ."

"ಒಳ್ಳೇ ಪರಿಚಯ. ಈಗ ಎಲ್ಲಿದೆ ಅದು?"

ಅವಳು ಬೀದಿಯ ಎರಡೂ ಕಡೆ ನೋಡಿದಳು.

"ಅಮ್ಮ, ಕೇಳಿ. ಇನ್ನೂ ಅಲ್ಲೇ ಇದ್ರೆ ಅಲ್ಲೇ ಬಿಟ್ಟು ಬರೋಕೆ ಹೇಳಿ. ಇಲ್ಲಿಗೆ ಬಂದಿಳಿದಿದ್ರೆ, ಯಾರೂ ಚೀಲಕ್ಕೆ ಕೈ ಹಾಕೋ ಮುಂಚೆ ಬಾಯಿ ಬಿಟ್ಟು ಹೇಳ್ಬೇಕು. ಸಾಮಾನು ಹೋಗುತ್ತೆ, ಕೇಸೂ ಆಗುತ್ತೆ. ಆದ್ರೆ ತಾನಾಗೇ ಹೇಳಿದವನ ಪಾಡು ಬೇರೆ, ಸಿಕ್ಕಿಬಿದ್ದವನ ಪಾಡು ಬೇರೆ. ನೀವು ಎಲ್ಲಿಂದ ಮಾತಾಡ್ತಿದೀರಾ?"

ಅವಳು ಫೋನ್ ಇಟ್ಟುಬಿಟ್ಟಳು.

ಬಸ್ಸಿನಲ್ಲಿ ತಮ್ಮ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. ಪಿಸುಮಾತಿನಲ್ಲೂ ಅವಳ ಕೆನ್ನೆ ಒದ್ದೆಯಾಯಿತು. "ಪೆಟ್ಟಿಗೆ ತೆರೆದ ತಕ್ಷಣ ನೀನೇ ಎತ್ಕೊಂಡ್ಬಿಡು. ನಿನ್ ಚೀಲಕ್ಕೆ ಹಾಕ್ಕೋ. ಯಾರು ನಿನ್ನ ಚೀಲ ನೋಡ್ತಾರೆ? ಮುಖ ನೋಡಿದ್ರೇ ಪಾಪ ಅನ್ಸುತ್ತೆ."

"ಅವರ ಕಣ್ಣೆದುರೇ ಕದಿಯೋಕೆ ಹೇಳ್ತೀಯಾ?"

"ಹಾಗಿದ್ರೆ ಹೇಳ್ಬಿಡ್ತೀಯಾ?"

ಅವಳು ಕಿಟಕಿಯಾಚೆ ನೋಡಿದಳು. ತಮ್ಮನ ಮೊಣಕಾಲು ಅವಳ ಮೊಣಕಾಲಿಗೆ ತಾಗಿಕೊಂಡು ನಡುಗುತ್ತಿತ್ತು. ಚಿಕ್ಕವನಿದ್ದಾಗ ಪರೀಕ್ಷೆಯ ಬೆಳಿಗ್ಗೆ ಹೀಗೆಯೇ ನಡುಗುತ್ತಿತ್ತು. ಆಗೆಲ್ಲ ಅವಳು ಅದರ ಮೇಲೆ ಕೈಯಿಟ್ಟು ಅದುಮುತ್ತಿದ್ದಳು. ಈಗ ಅವಳ ಕೈಯೂ ನಿಲ್ಲುವಂತಿರಲಿಲ್ಲ.

ಬಂದರಿನ ಗೇಟಿನಲ್ಲಿ ರುಜು ಹಾಕಿದವರಿಗೆ ಮಾತ್ರ ಒಳಗೆ ಬಿಡುತ್ತೇವೆಂದರು. ತಮ್ಮ ಕಂಬಿಯ ಆಚೆ ಉಳಿದ. ಅವಳು ಶೆಡ್ಡುಗಳ ನಡುವಿನ ಎಣ್ಣೆ ಜಿಡ್ಡಿನ ದಾರಿಯಲ್ಲಿ ನಡೆದಳು. ಕ್ರೇನುಗಳು ಕಬ್ಬಿಣದ ದೊಡ್ಡ ಡಬ್ಬಗಳನ್ನು ಎತ್ತಿ ಎತ್ತಿ ಇಳಿಸುತ್ತಿದ್ದವು. ಒಂದೊಂದು ಇಳಿದಾಗಲೂ ನೆಲ ಅದುರುತ್ತಿತ್ತು. ಅವಳು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಸರ್, ತೆರೆಯುವ ಮುಂಚೆ ಒಂದು ವಿಷಯ. ಸರ್, ನಮ್ಮಿಂದ ಒಂದು ತಪ್ಪಾಗಿದೆ. ನಮ್ಮಿಂದ ಎನ್ನುವುದೋ, ನನ್ನಿಂದ ಎನ್ನುವುದೋ? ನನ್ನಿಂದ. ಹೌದು, ನನ್ನಿಂದ.

ಶೆಡ್ಡಿನ ಬಾಗಿಲು ಹತ್ತಿರವಾದಾಗ ಒಳಗಿನಿಂದ ನಗು ಕೇಳಿಸಿತು.

ಪೆಟ್ಟಿಗೆಯ ಇನ್ನೊಂದು ಕೀಲಿ ಹಡಗಿನವರ ಹತ್ತಿರ ಇತ್ತು. ಅದನ್ನು ಪಡೆದು ಕಸ್ಟಮ್ಸಿನವರು ಇವಳ ದಾರಿ ಕಾಯದೆ ತೆರೆದುಬಿಟ್ಟಿದ್ದರು. ರಾಜನ ನಿಲುವಂಗಿ ಮೇಜಿನ ಮೇಲೆ ಹರಡಿತ್ತು. ಪೆಟ್ಟಿಗೆಯ ಅಂಚಿನ ಮೇಲೆ ದಪ್ಪ ಮೀಸೆಯ, ವಯಸ್ಸಾದ ಅಧಿಕಾರಿಯೊಬ್ಬರು ಕಿರೀಟ ಧರಿಸಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಎದುರಿಗೆ ಸಮವಸ್ತ್ರದ ಎಳೆಯ ಹುಡುಗಿ, ಆ ಕೆಲಸಕ್ಕೆ ಹೊಸಬಳಿರಬೇಕು, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಅವರ ಎದೆಗೆ ಗುರಿಯಿಟ್ಟಿದ್ದಳು.

"ಮಹಾರಾಜ, ನಿನ್ನ ಆಟ ಮುಗೀತು. ಕೊನೇ ಆಸೆ ಏನು?"

"ನನ್ನ ಬಾಕಿ ರಜೆ ಮಂಜೂರು ಮಾಡ್ಸು."

"ಅದು ಬಿಟ್ಟು ಬೇರೆ ಕೇಳು. ನಾನು ಬರೀ ಕೊಲೆಗಾತಿ, ಮೇಲಧಿಕಾರಿ ಅಲ್ಲ."

ಅವಳು ಬಾಗಿಲಲ್ಲೇ ಕಲ್ಲಾಗಿ ನಿಂತಳು. ಒಂದು ಪಿಸ್ತೂಲು ನೆಲದ ಮೇಲಿತ್ತು, ಮೂತಿ ಸವೆದದ್ದು. ಉಳಿದ ಎರಡರಲ್ಲಿ ಹುಡುಗಿಯ ಕೈಯಲ್ಲಿದ್ದುದು ಯಾವುದು? ಮರದ್ದೋ, ಆ ಮುದುಕನದ್ದೋ? ಮರಕ್ಕೆ ಕಬ್ಬಿಣದ ಕಳೆ ಬರಲೆಂದು ತಾನೇ ಸೀಸದ ಪುಡಿ ಉಜ್ಜಿ ಉಜ್ಜಿ ಹೊಳಪು ತಂದಿದ್ದಳು. ಅಷ್ಟು ದೂರದಿಂದ ಅವಳಿಗೇ ಗುರುತು ಹತ್ತಲಿಲ್ಲ. ತಾನು ಕೂಗಿ, ಅದು ಮರದ್ದಾಗಿದ್ದರೆ, ತಮ್ಮನನ್ನು ತಾನೇ ಹಿಡಿದುಕೊಟ್ಟಂತೆ. ಕೂಗದಿದ್ದರೆ...

ಹುಡುಗಿಯ ಹೆಬ್ಬೆರಳು ಪಿಸ್ತೂಲಿನ ಬೆನ್ನಿನ ಕೊಕ್ಕೆಯನ್ನು ಹಿಂದಕ್ಕೆಳೆಯಿತು. ಕೊಕ್ಕೆ ಹಿಂದಕ್ಕೆ ಬಂತು. ಅದರ ಜೊತೆ ಗಾಲಿಯೂ ಒಂದು ಹಲ್ಲು ತಿರುಗಿತು.

ಮರದ ಪಿಸ್ತೂಲಿನಲ್ಲಿ ಯಾವುದೂ ಅಲುಗುವುದಿಲ್ಲ.

"ಬಣ್ಣ! ಅದರ ಬಣ್ಣ ಮುಟ್ಬೇಡಿ, ವಿಷ! ಕೈ ಚರ್ಮ ಸುಲಿದು ಬರುತ್ತೆ!"

ಆ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ದಾರಿಯುದ್ದಕ್ಕೂ ಜೋಡಿಸಿಕೊಂಡ ಒಂದು ಮಾತೂ ನೆರವಿಗೆ ಬರಲಿಲ್ಲ, ಇದು ಬಂತು. ಹುಡುಗಿ ಚೀರಿ ಪಿಸ್ತೂಲನ್ನು ನಿಲುವಂಗಿಯ ಮೇಲೆ ಎಸೆದು, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡಳು. "ಅಯ್ಯೋ, ಈಗೇನ್ಮಾಡ್ಲಿ? ಉರೀತಿದೆ ಸರ್, ಆಗಲೇ ಉರೀತಿದೆ!"

"ನಲ್ಲಿ ಕೆಳಗೆ ಹಿಡೀರಿ. ಹೋಗಿ, ಸೋಪು ಹಾಕಿ ತೊಳೀರಿ."

ಹುಡುಗಿ ಓಡಿದಳು. ಅಧಿಕಾರಿ ಎದ್ದು ಬಂದರು. ಕಿರೀಟ ತಲೆಯ ಮೇಲೇ ಇತ್ತು. ಜೇಬಿನಿಂದ ಕರವಸ್ತ್ರ ತೆಗೆದು, ಕೈಗೆ ಸುತ್ತಿಕೊಂಡು, ಅವಳು ಬೇಡವೆನ್ನುವಷ್ಟರಲ್ಲಿ ಪಿಸ್ತೂಲನ್ನು ಎತ್ತಿಕೊಂಡೇಬಿಟ್ಟರು.

"ಏನಮ್ಮ, ಆಟದ ಸಾಮಾನಿಗೆ ವಿಷ ಬಳೀತೀರಾ? ಕಲಾವಿದರ ಮೇಲೆ ಅಷ್ಟು ಸಿಟ್ಟಾ?"

"ವಿಷ ಇಲ್ಲ ಸರ್. ಸುಳ್ಳು ಹೇಳ್ದೆ. ಅದು ನಿಜವಾದ ಪಿಸ್ತೂಲು. ಗುಂಡು ತುಂಬಿದೆ. ಕೆಳಗಿಡಿ ಸರ್."

ಅವರು ಅವಳನ್ನು ನೋಡಿ, ಮೀಸೆಯ ತುಂಬ ನಕ್ಕರು. "ಮೊದ್ಲು ವಿಷ. ಈಗ ನಿಜವಾದದ್ದು. ಮುಂದಿನ ಅಂಕದಲ್ಲಿ ಏನು, ಬಾಂಬಾ?"

"ಸರ್, ಹೊರದೇಶದ ಸಂತೆಯಲ್ಲಿ ಕೊಂಡಿದ್ದು. ನಾಟಕದ್ದು ಅಂತ ತಿಳ್ಕೊಂಡು ಪೆಟ್ಟಿಗೆಗೆ ಹಾಕಿದ್ದು. ನೋಡಿ, ಇದು ಅದರದ್ದೇ." ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಗುಂಡನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದು ತೋರಿಸಿದಳು. ಅಂಗೈ ತಮಟೆಯ ಚರ್ಮದಂತೆ ಅದುರುತ್ತಿತ್ತು.

"ಅಬ್ಬ, ಇದನ್ನೂ ಎಷ್ಟು ಚೆನ್ನಾಗಿ ಮಾಡಿದೀರಿ! ಕೈ ನಡುಗಿಸೋದೂ ಸೊಗಸು."

"ನಾಟಕ ಅಲ್ಲ ಸರ್. ಕಾಲಿಗೆ ಬೀಳ್ತೀನಿ."

"ಕಣ್ಣೀರೂ ಬಂತು!" ಅವರಿಗೆ ಈಗ ಖುಷಿ ಹೆಚ್ಚಾಯಿತು. "ಅಮ್ಮ, ನಿಜವಾದದ್ದಾ ಅಂತ ನಾನೇ ಆಗಲೇ ಒತ್ತಿ ನೋಡಿದೀನಿ. ಟಿಕ್ ಅನ್ನುತ್ತೆ, ಅಷ್ಟೇ. ಬೇಕಾದ್ರೆ ನೋಡಿ."

ತೋಳನ್ನು ಮೇಲಕ್ಕೆತ್ತಿ, ತಗಡಿನ ಸೂರಿಗೆ ಗುರಿಯಿಟ್ಟು, ರಾಜನ ಗತ್ತಿನಲ್ಲಿ ಒತ್ತಿದರು.

ಶೆಡ್ಡೇ ಸೀಳಿದಂತೆ ಸದ್ದಾಯಿತು. ಅವಳ ಕಿವಿಯಲ್ಲಿ ಗುಂಯ್ ಎನ್ನುವುದೊಂದನ್ನು ಬಿಟ್ಟು ಬೇರೇನೂ ಉಳಿಯಲಿಲ್ಲ. ಸೂರಿನಲ್ಲಿ ಒಂದು ತೂತು ಬಿದ್ದು, ಅದರಿಂದ ಬಿಸಿಲಿನ ಒಂದು ಎಳೆ ಸೀದಾ ಇಳಿದು ಮೇಜಿನ ಮೇಲೆ ನಿಂತಿತು. ಸುಟ್ಟ ವಾಸನೆ. ಅಧಿಕಾರಿಯ ಕಿರೀಟ ಜಾರಿ ಕಿವಿಯ ಮೇಲೆ ಕೂತಿತ್ತು. ಬಾಯಿ ತೆರೆದೇ ಇತ್ತು. ಹೊರಗೆ ಕ್ರೇನು ಇನ್ನೊಂದು ಡಬ್ಬವನ್ನು ಧಡಾರನೆ ಇಳಿಸಿತು; ಯಾರೂ ಓಡಿ ಬರಲಿಲ್ಲ.

ಕೆಲವು ಗಳಿಗೆಯ ಮೇಲೆ ಆ ಹುಡುಗಿ ಬಾಗಿಲಲ್ಲಿ ಇಣುಕಿದಳು. ಮೊಣಕೈವರೆಗೆ ಸೋಪಿನ ನೊರೆ. "ಸರ್, ಏನದು ಸದ್ದು?"

ಅಧಿಕಾರಿ ಪಿಸ್ತೂಲಿದ್ದ ಕೈಯನ್ನು ನಿಲುವಂಗಿಯ ಮಡಿಕೆಯೊಳಗೆ ತೂರಿಸಿದರು. "ಪೆಟ್ಟಿಗೆ ಮುಚ್ಚಳ ಬಿತ್ತು."

"ಇಷ್ಟು ಜೋರಾಗಾ?"

"ಇನ್ನೊಂದ್ಸಲ ತೊಳ್ಕೋ ಹೋಗು. ಚೆನ್ನಾಗಿ. ಉಗುರಿನ ಸಂದಿಯೆಲ್ಲ."

ಹುಡುಗಿ ಹೋದ ಮೇಲೆ ಅವರು ಮೆಲ್ಲನೆ ಪೆಟ್ಟಿಗೆಯ ಅಂಚಿನ ಮೇಲೆ ಕುಸಿದರು. "ಹಣೆಗೆ ಇಟ್ಟಿದ್ದೆ," ಎಂದರು.

"ಏನು ಸರ್?"

"ನೀವು ಬರೋಕೆ ಸ್ವಲ್ಪ ಮುಂಚೆ, ಆ ಹುಡುಗಿ ಹಣೆಗೆ ಇಟ್ಟು ಒತ್ತಿದ್ದೆ. ಟಿಕ್ ಅಂತು. ಅವಳು ನಕ್ಕಳು. ನಾನೂ ನಕ್ಕೆ."

ಅವಳಿಗೆ ಅರ್ಥವಾಯಿತು. ಆರು ತೂತುಗಳಲ್ಲಿ ಒಂದು ಖಾಲಿ ಇತ್ತು. ಅದರ ಗುಂಡು ಅವಳ ಅಂಗೈಯಲ್ಲಿತ್ತು. ಆ ಖಾಲಿ ತೂತು ಹುಡುಗಿಯ ಹಣೆಯ ಪಾಲಿಗೆ ಬಂದಿತ್ತು, ತುಂಬಿದ ತೂತು ಸೂರಿನ ಪಾಲಿಗೆ. ಇದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ; ಅವರ ಕಣ್ಣು ಅವಳ ಅಂಗೈಯ ಮೇಲೇ ನಟ್ಟಿತ್ತು.

"ಕೇಸ್ ಬರೀರಿ ಸರ್," ಎಂದಳು. ತಮ್ಮನ ಹೆಸರು ನಾಲಿಗೆಯ ತುದಿಗೆ ಬಾರದಂತೆ ಹಲ್ಲು ಕಚ್ಚಿ ಹಿಡಿದಿದ್ದಳು. "ರುಜು ನನ್ನದು. ತಪ್ಪೂ ನನ್ನದೇ."

"ಬರೆದ್ರೆ ಸೂರಿನ ತೂತನ್ನೂ ಬರೀಬೇಕು. ಹಾರಿಸಿದವನು ಯಾರು ಅಂತ ಬರೀಬೇಕು. ಹಣೆ..." ಅವರು ತಲೆಯಾಡಿಸಿದರು. ಕಿರೀಟ ಬಿದ್ದು ಉರುಳಿತು. "ಅವಳಿಗೆ ಗೊತ್ತಾಗುತ್ತಲ್ಲಮ್ಮ. ದಿನಾ ನನ್ನ ಎದುರಿಗೇ ಕೂತು ಊಟ ಮಾಡ್ತಾಳೆ."

ಆಮೇಲೆ ಅವರೇ ಎದ್ದರು. ಶೆಡ್ಡಿನ ಮೂಲೆಯಲ್ಲೊಂದು ಕಬ್ಬಿಣದ ಕಪಾಟು ಇತ್ತು. ಹಡಗುಗಳ ಮೂಲೆ ಮುಡುಕಿನಲ್ಲಿ, ಬಿಟ್ಟುಹೋದ ಚೀಲಗಳಲ್ಲಿ ಸಿಕ್ಕ, ವಾರಸುದಾರರಿಲ್ಲದ ಆಯುಧಗಳನ್ನು ಅದರಲ್ಲಿ ಹಾಕಿಡುತ್ತಾರೆ, ಕಾಲಕಾಲಕ್ಕೆ ಒಯ್ದು ಕರಗಿಸುತ್ತಾರೆ ಎಂದರು. ಗಾಲಿಯಿಂದ ಗುಂಡುಗಳನ್ನು ತೆಗೆಯಲು ಅವರ ಬೆರಳುಗಳಿಗೆ ಆಗಲಿಲ್ಲ. ಮೂತಿಯನ್ನು ಗೋಡೆಗೆ ತಿರುಗಿಸಿ ಅವರು ಹಿಡಿದುಕೊಂಡರು, ಅವಳು ಒಂದೊಂದಾಗಿ ತೆಗೆದಳು. ಖಾಲಿ ಚಿಪ್ಪು ಇನ್ನೂ ಬೆಚ್ಚಗಿತ್ತು. ತನ್ನ ಅಂಗೈಯದನ್ನೂ ಅವುಗಳ ಜೊತೆಗಿಟ್ಟಳು. ಕಪಾಟಿನ ಬಾಗಿಲು ಮುಚ್ಚಿತು.

"ನಾನು ಯಾರಿಗೂ ಹೇಳಲ್ಲ," ಎಂದರು. ಕೇಳುವಂತೆ ಅವಳ ಮುಖ ನೋಡಿದರು.

ಅವಳು ಉತ್ತರ ಕೊಡುವ ಮುಂಚೆ ಹುಡುಗಿ ಬಂದುಬಿಟ್ಟಳು. ಎರಡೂ ಕೈಗಳನ್ನು ಅವಳ ಮುಂದೆ ಚಾಚಿದಳು. "ನೋಡಿ ಮೇಡಂ, ಕೆಂಪಗಾಗಿದೆ. ಇನ್ನೇನೂ ಆಗಲ್ವಲ್ಲ? ಮದುವೆ ಗೊತ್ತಾಗಿದೆ, ಉಂಗುರ ಹಾಕೋವಾಗ ಚರ್ಮ ಕಿತ್ತು ಬಂದ್ರೆ ಅವನು ಓಡೋಗ್ತಾನೆ."

ಅವಳು ಆ ಒದ್ದೆ ಕೈಗಳನ್ನು ಹಿಡಿದುಕೊಂಡು, ಮಗುಚಿ ಮಗುಚಿ ನೋಡಿದಳು. ಹುಡುಗಿಯ ಹಣೆಯ ಮೇಲೆ, ಎರಡು ಹುಬ್ಬುಗಳ ಮಧ್ಯೆ, ಸಣ್ಣದೊಂದು ದುಂಡನೆಯ ಕರೆ ಇತ್ತು. ಎಣ್ಣೆಯ ಜಿಡ್ಡು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

"ಅಲ್ಲೂ ಹತ್ತಿತ್ತಾ ಬಣ್ಣ?"

"ಹ್ಞೂಂ. ಹೋಯ್ತು. ಏನೂ ಆಗಲ್ಲ ಮಗಳೇ."

ಗೇಟಿನ ಆಚೆ ತಮ್ಮ ಕಂಬಿ ಹಿಡಿದು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಪೆಟ್ಟಿಗೆಯನ್ನು ಗಾಡಿಗೆ ಹೇರಿ ಅವಳು ಹೊರಬಂದಾಗ, ಅವಳ ಹಿಂದೆ ಪೊಲೀಸರಿದ್ದಾರೆಯೇ ಎಂದು ಅವನ ಕಣ್ಣು ಹುಡುಕಿತು.

"ಏನಾಯ್ತಕ್ಕ? ನಿಜವಾದದ್ದೇ ಆಗಿತ್ತಾ?"

ಅವಳು ಅವನನ್ನು ನೋಡಿದಳು. ಹೌದು ಎಂದರೆ, ಎದೆ ಹಿಡಿದು ಬೀಳುವ ಆ ಪಾತ್ರವನ್ನು ಇನ್ನು ಯಾವ ರಂಗದ ಮೇಲೂ ಆಡಲಾರ. ಕೆಲವು ದಿನ ಅತ್ತು, ಆಮೇಲೆ ತಡೆಯಲಾಗದೆ ಒಬ್ಬರಿಗೆ ಹೇಳುತ್ತಾನೆ, ಆ ಒಬ್ಬರಿಂದ ಹತ್ತು ಜನಕ್ಕೆ. ಸುತ್ತಿ ಬಳಸಿ ಒಂದು ದಿನ ಅದು ಈ ಗೇಟಿನೊಳಗೂ ಬರುತ್ತದೆ, ಊಟದ ಡಬ್ಬಿ ಬಿಚ್ಚಿಕೊಂಡು ಕೂತ ಆ ಹುಡುಗಿಯ ಕಿವಿಗೂ ಬೀಳುತ್ತದೆ.

"ಆಟದ್ದು ಕಣೋ," ಎಂದಳು. "ಹಳೇ ಆಟದ ಸಾಮಾನು. ಗುಂಡುಗಳೂ ಅಷ್ಟೇ, ಸೀಸ ತುಂಬಿದ ಡಮ್ಮಿ. ದೊಡ್ಡ ಅಧಿಕಾರಿಗೆ ಇಷ್ಟವಾಯ್ತು. ಇಟ್ಕೊಳ್ಳಿ ಅಂತ ಕೊಟ್ಟುಬಿಟ್ಟೆ."

ಅವನು ಒಂದು ಕ್ಷಣ ಅನುಮಾನದಿಂದ ನೋಡಿದ. ನಂಬಬೇಕೆಂದು ಹಾತೊರೆಯುತ್ತಿದ್ದವನಿಗೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಉಸಿರು ಬಿಟ್ಟು, ಗಾಡಿಯ ಪಟ್ಟಿಗೆ ತಲೆ ಆನಿಸಿ, ಅತ್ತಂತೆ ನಕ್ಕ.

"ನೋಡಿದ್ಯಾ! ರಾತ್ರಿಯೆಲ್ಲ ನನ್ನ ಪ್ರಾಣ ಹಿಂಡಿದೆಯಲ್ಲ! ಕೈಗೆ ತಕ್ಕಡಿ ಬೇರೆ ಮಾಡಿಸ್ದೆ. ನಿನ್ನ ಗಾಬರಿಗೆ ಎಲ್ಲೂ ಮದ್ದಿಲ್ಲ ಬಿಡಕ್ಕ. ಅಷ್ಟು ಒಳ್ಳೇ ಪಿಸ್ತೂಲು, ಯಾರಿಗೋ ಕೊಟ್ಟು ಬಂದೆ. ಇವತ್ತು ಕಂಪನಿಯಲ್ಲಿ ಎಲ್ಲರಿಗೂ ಹೇಳ್ತೀನಿ ನೋಡು, ನಮ್ಮ ಪೆಟ್ಟಿಗೆಯಕ್ಕ ಆಟದ ಗುಂಡು ನೋಡಿ ಹೇಗೆ ನಡುಗಿದ್ಳು ಅಂತ. ಮಾಡಿ ತೋರಿಸ್ತೀನಿ."

"ತೋರ್ಸು," ಎಂದಳು.

ಗಾಡಿ ಹೊರಟಿತು. ಪಕ್ಕದಲ್ಲಿ ಅವನು ಆಗಲೇ ಅಭ್ಯಾಸ ಶುರು ಮಾಡಿದ್ದ. ಅವಳಂತೆ ಕಣ್ಣು ಅಗಲಿಸಿ, ಅಂಗೈ ಚಾಚಿ ಗಡಗಡ ನಡುಗಿಸುತ್ತಿದ್ದ. ಗಾಡಿಯವನೂ ನಕ್ಕ. ನಗಲಿ. ಆ ಕಥೆಯನ್ನು ಅವನು ಊರೂರಿಗೆ ಹೇಳಲಿ, ಹೋದಲ್ಲೆಲ್ಲ ಜನ ತನ್ನನ್ನು ನೋಡಿ ನಗಲಿ. ಇನ್ನೊಂದು ಕಥೆಯನ್ನು ಕಂಪನಿಯವರಿಗಾಗಲಿ, ಈ ತಮ್ಮನಿಗಾಗಲಿ, ಮುಂದೆ ಎಂದೋ ಅವನಿಗೇ ಬುದ್ಧಿ ಬಂದು ಕೇಳಿದರೂ, ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿಶ್ಚಯಿಸಿದಳು.